ಹುಕ್ಕೇರಿಗೆ ಹೋಗದ ಆರು ವಾರ

ಯಾವುದೇ ಆಫೀಸಿಗೆ ಕೆಲಸ ಇಟ್ಟುಕೊಂಡು ಹೋಗುವವರಿಗೆ ನಾನೊಂದು ಮಾತು ಹೇಳುತ್ತಿದ್ದೆ. ಕಿಟಕಿಯ ಮುಂದೆ ನಿಂತು ಕೇಳಬೇಡಿ. ಒಳಗೆ ಹೋಗಿ, ಕುರ್ಚಿ ಎಳೆದುಕೊಂಡು, ಕೂತು ಕೇಳಿ. ನಿಂತವನಿಗೆ ‘ನಾಳೆ ಬಾ’ ಅನ್ನುವುದು ಸುಲಭ, ಕೂತವನನ್ನು ಎಬ್ಬಿಸುವುದು ಕಷ್ಟ. ಮೊದಲು ಕ್ಲಾರ್ಕಿನ ಊರು ಯಾವುದೆಂದು ಕೇಳಿ, ಆಮೇಲೆ ನಿಮ್ಮ ಕೆಲಸ ಹೇಳಿ. ಹೀಗೆ ಮಾಡಿಯೇ ನಾನು ರೇಶನ್ ಕಾರ್ಡಿನಿಂದ ಹಿಡಿದು ಹೊಲದ ಉತಾರದವರೆಗೆ ಎಲ್ಲ ಕಾಗದ ಮಾಡಿಸಿಕೊಂಡವನು, ಓಣಿಯ ಅರ್ಧ ಜನರಿಗೆ ಮಾಡಿಸಿಯೂ ಕೊಟ್ಟವನು. ಗೋಕಾಕದಲ್ಲಿ ನನ್ನ ಮಗಳು ಓದುತ್ತಿದ್ದ ಕಾಲೇಜಿನ ಆಫೀಸಿನಲ್ಲೂ ಒಂದು ಮಧ್ಯಾಹ್ನ ಹೀಗೇ ಕುರ್ಚಿ ಎಳೆದುಕೊಂಡು ಕೂತೆ. ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷದಲ್ಲಿ ಅವಳ ಆರು ವಾರದ ದುಡಿಮೆಯ ಬುಡಕ್ಕೆ ನಾನೇ ಕೊಡಲಿ ಇಟ್ಟು ಬಂದೆ.

ನಾನು ಮೂಡಲಗಿಯವನು, ಎಮ್ಮೆಗಳ ದಲಾಲಿ. ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು ಮಾತು ಕೂಡಿಸುವುದು ನನ್ನ ಧಂದೆ. ಮೆಟ್ರಿಕ್ ದಾಟಲಿಲ್ಲ. ಅಪ್ಪನ ಆಸ್ತಿಯೂ ಇರಲಿಲ್ಲ. ಹದಿನೆಂಟನೆಯ ವಯಸ್ಸಿನಲ್ಲಿ ಘಟಪ್ರಭಾದ ಒಬ್ಬ ಎಮ್ಮೆ ವ್ಯಾಪಾರಿಯ ಶೆಡ್ಡಿಗೆ ಹೋಗಿ ಸೇರಿಕೊಂಡೆ. ಅವರನ್ನು ಆಗಲೂ ಈಗಲೂ ಎಲ್ಲರೂ ಕಾಕಾ ಅಂತಲೇ ಕರೆಯುತ್ತಾರೆ. ಸ್ಟೇಶನ್ನಿನಿಂದ ಸ್ವಲ್ಪ ದೂರ, ಮೂರು ತಲೆಮಾರಿನಿಂದ ಅವರ ಮನೆತನದ್ದು ಅದೇ ಕಸುಬು. ಎಮ್ಮೆಯ ಹಲ್ಲು ನೋಡಿ ವಯಸ್ಸು ಹೇಳುವುದು, ಹೊಟ್ಟೆಯ ಕೆಳಗಿನ ಹಾಲಿನ ನರ ತಡವಿ ಅದು ಎಷ್ಟು ಹಿಂಡೀತು ಎಂದು ಅಂದಾಜು ಮಾಡುವುದು, ಎಲ್ಲವನ್ನೂ ಅವರೇ ಕಲಿಸಿದರು. ಮುಂದೆ ನಾನು ಸ್ವಂತಕ್ಕೆ ನಿಂತೆ. ಜಗಳವೇನೂ ಆಗಲಿಲ್ಲ. ಆದರೆ ನನ್ನ ಕಾಲ ಮೇಲೆ ನಾನು ನಿಂತೆ ಅಂತ ಊರೆಲ್ಲ ಹೇಳಿಕೊಂಡು ತಿರುಗುವವನಿಗೆ ಕಲಿಸಿದವರ ಬಾಗಿಲಿಗೆ ಹೋಗಲು ಪುರಸೊತ್ತು ಎಲ್ಲಿಂದ ಬರಬೇಕು? ಎಷ್ಟೋ ವರ್ಷ ಆ ಕಡೆ ಹಾಯಲೇ ಇಲ್ಲ.

ನಮ್ಮ ಧಂದೆಯ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು, ಯಾಕೆಂದರೆ ನನ್ನ ತಪ್ಪು ಅದರಿಂದಲೇ ಹುಟ್ಟಿತು. ದನದ ಸಂತೆಯಲ್ಲಿ ನಾವು ದರವನ್ನು ಬಾಯಿಂದ ಹೇಳುವುದಿಲ್ಲ. ಇಬ್ಬರ ಕೈ ಮೇಲೆ ಟಾವೆಲ್ ಹಾಕಿಕೊಂಡು, ಅದರೊಳಗೆ ಬೆರಳು ಹಿಡಿದು ಕೇಳುತ್ತೇವೆ, ಬೆರಳು ಹಿಡಿದೇ ಉತ್ತರ ಕೊಡುತ್ತೇವೆ. ಸುತ್ತ ನಿಂತ ಹತ್ತು ಜನಕ್ಕೆ ಟಾವೆಲ್ ಅಲ್ಲಾಡುವುದು ಕಾಣುತ್ತದೆಯೇ ಹೊರತು ದರ ಕಾಣುವುದಿಲ್ಲ. ಒಪ್ಪಿಗೆಯಾದರೆ ಅಂಗೈ ಒತ್ತಿ ಕೈ ಬಿಡುತ್ತೇವೆ. ಬಿಟ್ಟ ಮೇಲೆ ಮುಗಿಯಿತು. ಮರುಗಳಿಗೆಗೆ ಎಮ್ಮೆ ಕುಂಟಿದರೂ ಮಾತು ತಿರುಗಿಸುವಂತಿಲ್ಲ. ತಿರುಗಿಸಿದವನ ಟಾವೆಲ್ಲಿನೊಳಗೆ ಮುಂದೆ ಯಾರೂ ಕೈ ಇಡುವುದಿಲ್ಲ. ನಾನು ಇಷ್ಟು ವರ್ಷದಲ್ಲಿ ಒಮ್ಮೆಯೂ ತಿರುಗಿಸಿದವನಲ್ಲ. ಅದೊಂದೇ ನನ್ನ ಬಂಡವಾಳ ಎಂದು ತಿಳಿದಿದ್ದೆ.

ಮಗಳು ಬಿ.ಕಾಂ ಕೊನೆಯ ಸೆಮಿಸ್ಟರಿನಲ್ಲಿದ್ದಳು. ಒಬ್ಬಳೇ ಮಗಳು. ಒಂದು ಮುಂಜಾನೆ ನಾನು ಹಿತ್ತಲಲ್ಲಿ ಎಮ್ಮೆ ತೊಳೆಯುತ್ತಿದ್ದಾಗ ಬಂದು, ಕಾಲೇಜಿನಲ್ಲಿ ಈ ಸಲ ಇಂಟರ್ನ್‌ಶಿಪ್ ಕಡ್ಡಾಯ ಮಾಡಿದ್ದಾರೆ ಅಂದಳು. ಎಲ್ಲಾದರೂ ಒಂದು ಕಡೆ ಆರು ವಾರ ಕೆಲಸ ಮಾಡಬೇಕು, ದಿನಾ ಮಾಡಿದ್ದನ್ನು ಡೈರಿಯಲ್ಲಿ ಬರೆಯಬೇಕು, ಕೆಲಸ ಕೊಟ್ಟವರು ದಿನಾ ಸಹಿ ಹಾಕಬೇಕು. ಕೊನೆಗೆ ಕಾಲೇಜಿನವರು ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾರೆ. ಪಾಸಾದರೆ ಅದಕ್ಕೆ ಕ್ರೆಡಿಟ್ ಬರುತ್ತದೆ, ಒಂದು ವಿಷಯದ ಪರೀಕ್ಷೆ ಬರೆದಷ್ಟೇ ಲೆಕ್ಕ. ಆ ಕ್ರೆಡಿಟ್ ಬರದಿದ್ದರೆ ಡಿಗ್ರಿ ಇಲ್ಲ.

“ಅಪ್ಪಾ, ನಾ ನಿನ್ನ ಹಂತೇಕನ ಮಾಡ್ತೇನಿ,” ಅಂದಳು.

“ನನ್ನ ಹಂತೇಕ ಏನೈತಿ? ಸಗಣಿ ಐತಿ.”

“ಸಗಣಿ ಬಳಿಯಾಕ ಬರ್ತದ ನನಗ. ನೀ ಎಮ್ಮಿ ನೋಡೂದ ಐತೆಲ್ಲಾ, ಅದನ್ನ ಕಲಸು.”

“ಬಿ.ಕಾಂ ಓದಿ ಎಮ್ಮಿ ಹಲ್ಲ ಎಣಸ್ತೀ?”

“ನೀ ಓದಲಾರದ ಎಣಸ್ತೀ, ನಾ ಓದಿ ಎಣಸ್ತೇನಿ. ಅಷ್ಟ ಫರಕ.”

ಬಾಗಿಲಲ್ಲಿ ರೊಟ್ಟಿಯ ಹಿಟ್ಟಿನ ಕೈಯಲ್ಲಿ ನಿಂತಿದ್ದ ನನ್ನ ಹೆಂಡತಿ ನಕ್ಕಳು. “ಯಾರ ಮಗಳ್ರಿ ಅಕಿ? ದಲಾಲಿ ಮನ್ಯಾಗ ಹುಟ್ಟಿದಾಕಿ. ಮಾತಿಗೆ ಮಾತ ಕೊಡ್ತಾಳ.”

ನಾನು ನಗಲಿಲ್ಲ. ಸಂತೆಯಲ್ಲಿ ಗಂಡಸರ ನಡುವೆ ನನ್ನ ಮಗಳು ನಿಂತು ಎಮ್ಮೆಯ ಕೆಚ್ಚಲಿಗೆ ಕೈ ಹಾಕುವುದನ್ನು ನೆನೆಸಿಕೊಂಡರೇ ನನಗೆ ಮೈ ಉರಿಯಿತು. ಇವಳು ಫ್ಯಾನಿನ ಕೆಳಗೆ ಕೂರಲಿ ಅಂತಲೇ ನಾನು ಬಿಸಿಲಲ್ಲಿ ತಿರುಗಿದ್ದು. ಅವಳಿಗೂ ಒಂದು ಲೆಕ್ಕಾಚಾರವಿತ್ತು. ಧಾರವಾಡದಲ್ಲಿ ಹೈನು ವ್ಯವಹಾರದ ಮೇಲೆ ಮುಂದಿನ ಓದಿಗೆ ಪ್ರವೇಶ ಪರೀಕ್ಷೆ ಬರೆದು ಸೀಟು ಹಿಡಿದಿದ್ದಳು. ಆ ಬೇಸಿಗೆಯಲ್ಲಿ ಡಿಗ್ರಿಯ ಫಲಿತಾಂಶ ತೋರಿಸಿದರೆ ಸೀಟು ಅವಳದು. ಓದು ಮುಗಿಸಿ ಬಂದು, ಒಂದೊಂದು ಎಮ್ಮೆಗೂ ಒಂದೊಂದು ಪುಸ್ತಕ ಇಟ್ಟು, ಎಷ್ಟು ಸೂಲು, ಎಷ್ಟು ಹಾಲು, ಏನು ರೋಗ ಎಂದು ಬರೆದುಕೊಂಡು ಮಾರುವ ಧಂದೆ ಮಾಡುತ್ತೇನೆ ಅನ್ನುತ್ತಿದ್ದಳು. ಟಾವೆಲ್ಲೇ ಬೇಡ, ಎಲ್ಲ ಕಾಗದದ ಮೇಲೆ. ನಾನು ಅದನ್ನು ಹುಡುಗಾಟಿಕೆ ಅಂತ ಬಿಟ್ಟಿದ್ದೆ.

“ಆಫೀಸಿನ್ಯಾಗ ಮಾಡು. ನಾ ನೋಡ್ತೇನಿ ಎಲ್ಲೆರ,” ಅಂದೆ.

“ನೀ ನೋಡೂದ ಬ್ಯಾಡ. ನಂದ ನಾ ನೋಡ್ಕೋತೇನಿ,” ಅಂದಳು. ಅಲ್ಲಿಗೆ ಆ ಮಾತು ನಿಂತಿತು.

ಆ ಆರು ವಾರ ನಾನು ಮನೆಯಲ್ಲಿ ಇದ್ದದ್ದೇ ಕಡಿಮೆ. ಹುಕ್ಕೇರಿ ಕಡೆಯ ಹಳ್ಳಿಗಳಲ್ಲಿ, ಹೆದ್ದಾರಿಯ ಬಾಜೂಕಿನ ಕಣಗಲಾದವರೆಗೆ, ಒಳ್ಳೆಯ ಎಮ್ಮೆಗಳು ಮಾರಾಟಕ್ಕೆ ಹೊರಟಿದ್ದವು. ಮುಂಜಾನೆ ಮೋಟರ್ ಸೈಕಲ್ ಹತ್ತಿದರೆ ಸಂಜೆಗೇ ಮೂಡಲಗಿ. ಮಗಳು ದಿನಾ ಡಬ್ಬಿ ಕಟ್ಟಿಕೊಂಡು ಬಸ್ಸಿಗೆ ಹೋಗುತ್ತಾಳೆ ಎಂಬುದು ಗೊತ್ತಿತ್ತು. ಗೋಕಾಕಕ್ಕೆ ಅಂದುಕೊಂಡಿದ್ದೆ. ಕೇಳಿದರೆ “ಕೆಲಸ ನಡದೈತಿ,” ಅನ್ನುತ್ತಿದ್ದಳು. ಎಲ್ಲಿ ಅಂತ ಕೇಳುವಷ್ಟು ನಾನು ನಿಲ್ಲಲಿಲ್ಲ. ಇದರ ಬಗ್ಗೆ ತಂದೆಯರಿಗೆ ಹೇಳುವುದು ಬಹಳ ಇದೆ, ಆದರೆ ನಾನು ಹೇಳಿದರೆ ಯಾರು ಕೇಳಬೇಕು.

ಹುಕ್ಕೇರಿಯಲ್ಲಿ ಒಂದು ಸಹಕಾರಿ ಸಂಘದ ಮ್ಯಾನೇಜರು ನನಗೆ ಗುರುತಿನವರು. ಅವರ ಮನೆಗೆ ಹಿಂದಿನ ವರ್ಷ ನಾನೇ ಒಂದು ಎಮ್ಮೆ ನೋಡಿಕೊಟ್ಟಿದ್ದೆ. ಅದು ಹಾಲಿಗೂ ಸರಿ, ಗುಣಕ್ಕೂ ಸರಿ, ಮನೆಯ ಹೆಣ್ಣುಮಕ್ಕಳು ಕೂತರೂ ಒದೆಯುತ್ತಿರಲಿಲ್ಲ. ಐದನೆಯ ವಾರ ಆ ದಾರಿಯಲ್ಲಿ ಹೋದಾಗ ಅವರ ಆಫೀಸಿಗೆ ಹೊಕ್ಕೆ. ಚಹಾ ತರಿಸಿದರು. ಮಗಳಿಗೆ ಇಂಟರ್ನ್‌ಶಿಪ್ಪಿನ ಒಂದು ಸರ್ಟಿಫಿಕೇಟು ಬೇಕು ಅಂದೆ.

“ಯಾವಾಗಿಂದ ಬರ್ತಾಳ್ರಿ?”

“ಬರೂದಿಲ್ರಿ. ಬಂದಾಳ ಅಂತ ಬರದ ಕೊಡ್ರಿ.”

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ಹಂಗಾರ ಎಷ್ಟ ವಾರ ಬಂದಾಳ್ರಿ, ನಿಮ್ಮ ಬರಲಾರದ ಮಗಳು?”

ನಾನು ಹೆಗಲ ಮೇಲಿನ ಟಾವೆಲ್ ತೆಗೆದು ಟೇಬಲ್ಲಿನ ಮೇಲೆ ಹಿಡಿದೆ. ಅವರಿಗೆ ನಗು ಬಂತು. ಕೈ ಒಳಗೆ ತಂದರು. ನನ್ನ ಮೂರು ಬೆರಳು ಹಿಡಿದರು. “ಪೋರಿ ಮಾರಿ ಸೈತ ನೋಡಿಲ್ಲ, ಇಷ್ಟ ಸಾಕಲ್ರಿ.” ನಾನು ಅವರ ಇಡೀ ಕೈ ಹಿಡಿದು, ಬಿಟ್ಟು, ಮತ್ತೆ ಹೆಬ್ಬೆರಳೊಂದನ್ನು ಹಿಡಿದೆ. ಆರು. “ಬಾಳ ಆತ್ರಿ,” ಅಂದರು. ನಾನು ಬಿಡಲಿಲ್ಲ. ನಾಲ್ಕಕ್ಕೆ ಬಂದರು, ಐದಕ್ಕೆ ಬಂದರು. ಕೊನೆಗೆ ಅಂಗೈ ಒತ್ತಿದರು. ಬಾಗಿಲಲ್ಲಿದ್ದ ಜವಾನ ಏನು ವ್ಯಾಪಾರ ಅಂತ ತಿಳಿಯದೆ ಬಗ್ಗಿ ಬಗ್ಗಿ ನೋಡುತ್ತಿದ್ದ.

ಕೈ ಬಿಡುವ ಮೊದಲು ಮ್ಯಾನೇಜರು ನಗು ನಿಲ್ಲಿಸಿ ಹೇಳಿದರು: “ನೋಡ್ರಿ ಮತ್ತ. ನಾಳೆ ಯಾರೆರ ಕೇಳಿದ್ರ, ನೀವ ಇಲ್ಲ ಅಂದ್ರ, ನನ್ನ ನೌಕರಿಗೆ ಬರ್ತದ.”

“ಟಾವೆಲ್ ಕೆಳಗಿನ ಮಾತ್ರಿ ಇದು. ನಾ ತಿರುಗೂ ಮನಶಾ ಅಲ್ಲ,” ಅಂದೆ.

ಸಂಘದ ಲೆಟರ್‌ಹೆಡ್ಡಿನ ಮೇಲೆ, ಎರಡು ಮೊಹರಿನ ಶಿಕ್ಕೆ ಒತ್ತಿದ ಕಾಗದ. ಅಂಥ ಕಾಗದ ನೋಡಿದರೆ ನನ್ನಂಥವನ ಎದೆ ಉಬ್ಬುತ್ತದೆ. ಸಂಜೆ ಮಗಳ ಕೈಗೆ ಕೊಟ್ಟೆ. ಅವಳು ಓದಿ, ಮಡಿಕೆ ಮಾಡಿ, ನನಗೇ ವಾಪಸು ಕೊಟ್ಟಳು.

“ಹೋಗಲಾರದ ಜಾಗಾದ್ದ ಕಾಗದ ನನಗ ಬ್ಯಾಡ ಅಪ್ಪಾ.”

ಬೇಡ ಅನ್ನುವುದು ನಮ್ಮ ಧಂದೆಯಲ್ಲಿ ಮೊದಲ ದರ. ಅದನ್ನು ಯಾರೂ ಕಡೆಯ ಮಾತು ಎಂದು ತಿಳಿಯುವುದಿಲ್ಲ. ನಾನು ಕಾಗದವನ್ನು ಕಿಸೆಯಲ್ಲಿ ಇಟ್ಟುಕೊಂಡೆ. ಅವಳು ಎಲ್ಲಿ ಏನು ಮಾಡುತ್ತಿದ್ದಾಳೋ, ಅದು ಹಿಡಿಯದೆ ಹೋದರೆ ಇದು ಇರಲಿ. ಒಂದು ದನಕ್ಕೆ ಎರಡು ಹಗ್ಗ ಕಟ್ಟಿದರೆ ನಷ್ಟವೇನು ಎಂದು ಎಣಿಸಿದೆ. ಮುಂದಿನ ವಾರ ಗೋಕಾಕಕ್ಕೆ ಹೋಗಿ, ಕಾಲೇಜಿನ ಆಫೀಸಿನಲ್ಲಿ ಕುರ್ಚಿ ಎಳೆದುಕೊಂಡು, ಕ್ಲಾರ್ಕಿನ ಊರು ಕೇಳಿ, ಮಗಳ ಹೆಸರಿಗೆ ಆ ಸರ್ಟಿಫಿಕೇಟನ್ನು ಸೇರಿಸಿ ಬಂದೆ. ಅವಳಿಗೆ ಹೇಳಲಿಲ್ಲ. ಪಾಸಾದ ಮೇಲೆ ಹೇಳಿ ನಗಿಸಿದರಾಯಿತು ಅಂದುಕೊಂಡೆ.

ಹದಿನೈದು ದಿನಕ್ಕೆ ಫೋನು ಬಂತು. ಅವಳ ವಿಭಾಗದ ಮುಖ್ಯಸ್ಥರು. ಕೂಡಲೇ ಬನ್ನಿ ಅಂದರು.

ಹೋಗಿ ನೋಡುತ್ತೇನೆ, ಕಾಲೇಜಿನ ಪಡಸಾಲೆಯ ಬೆಂಚಿನ ಮೇಲೆ ಕಾಕಾ ಕೂತಿದ್ದಾರೆ. ಶುಕ್ರವಾರದ ನಮಾಜಿಗೆ ಮಾತ್ರ ಹಾಕುವ ಬಿಳಿ ಅಂಗಿ, ಎರಡೂ ಕೈ ಬಡಿಗೆಯ ಮೇಲೆ. ಮೊಣಕಾಲು ಹೋಗಿ ವರ್ಷಗಳಾಗಿದ್ದವು, ಶೆಡ್ಡು ಬಿಟ್ಟು ಹೊರಗೆ ಬರುವುದೇ ಇಲ್ಲ ಎಂದು ಕೇಳಿದ್ದೆ.

“ಕಾಕಾ, ನೀವಿಲ್ಲಿ?”

“ಬಾರಪಾ ಸಾವಕಾರ. ನಿನ್ನ ಮಗಳ ಪರೀಕ್ಷಾ ಐತಿ, ನನ್ನ ಮಾಸ್ತರ್ ಮಾಡ್ಯಾಳ. ಅರವತ್ತ ವರ್ಷ ಎಮ್ಮಿ ಬಾಲ ಹಿಡದಾವಗ ಕಾಲೇಜಿಂದ ಕರೇ ಬಂದೈತಿ ನೋಡು.” ಅವರು ಖುಷಿಯಲ್ಲಿದ್ದರು. ನಾನು ಮಾತಾಡುವಷ್ಟರಲ್ಲಿ ಇಬ್ಬರನ್ನೂ ಒಳಗೆ ಕರೆದರು.

ಒಳಗೆ ಮುಖ್ಯಸ್ಥರು, ಮಗಳ ಕೆಲಸದ ಮೇಲ್ವಿಚಾರಣೆ ನೋಡಿದ ಒಬ್ಬ ಮೇಡಂ, ಮತ್ತು ಎದುರಿಗೆ ಮಗಳು. ಟೇಬಲ್ಲಿನ ಮೇಲೆ ಎರಡು ಸರ್ಟಿಫಿಕೇಟು. ಒಂದು ನಾನು ಕೊಟ್ಟದ್ದು. ಇನ್ನೊಂದು ಗೆರೆಯ ಹಾಳೆಯ ಮೇಲೆ ಮಗಳ ಅಕ್ಷರದಲ್ಲಿತ್ತು, ಕೆಳಗೆ ಕಾಕಾ ಅವರ ದೊಡ್ಡ ದೊಡ್ಡ ಅಕ್ಷರದ ಸಹಿ. ಎರಡರಲ್ಲೂ ಅದೇ ಆರು ವಾರ, ಅದೇ ತಾರೀಖು. ಕಾಕಾ ಅವರ ಹತ್ತಿರ ಕಲಿಯಲು ಮೇಡಂ ಮೊದಲೇ ಒಪ್ಪಿಗೆ ಕೊಟ್ಟಿದ್ದರು; ವ್ಯಾಪಾರಿ ಲೈಸೆನ್ಸು ಇದೆ, ದಿನಾ ಸಹಿ ಇದೆ, ಅಷ್ಟು ಸಾಕು ಎಂದು. ಈಗ ಆಫೀಸಿನಿಂದ ಇನ್ನೊಂದು ಕಾಗದ ಬಂದಿತ್ತು. ಒಬ್ಬಳೇ ಹುಡುಗಿ ಒಂದೇ ದಿನ ಹುಕ್ಕೇರಿಯಲ್ಲೂ ಘಟಪ್ರಭಾದಲ್ಲೂ ಇರಲು ಬರುವುದಿಲ್ಲ.

ಮಗಳು ನನ್ನ ಕಡೆ ತಿರುಗಿ ನೋಡಿದಳು. ಸಿಟ್ಟಿರಲಿಲ್ಲ. ಈಗ ಅಪ್ಪ ಬಂದ, ಹೇಳುತ್ತಾನೆ, ಮುಗಿಯುತ್ತದೆ ಎನ್ನುವಂತೆ ನೋಡಿದಳು.

ಮೇಡಂ ಅವಳ ಪರವಾಗಿದ್ದರು. “ಸರ್, ಈ ಡೈರಿ ಕೇಳ್ರಿ,” ಎಂದು ಒಂದು ಪುಟ ತೆರೆದು ಓದಿದರು. ಮಗಳು ಬರೆದಿದ್ದಳು: ‘ಇಂದು ಕಲಿತದ್ದು. ಸಂತೆಗೆ ತರುವ ಮೊದಲು ಎರಡು ಹೊತ್ತು ಹಿಂಡದೆ ಬಿಟ್ಟರೆ ಕೆಚ್ಚಲು ತುಂಬಿ ದೊಡ್ಡದಾಗಿ ಕಾಣುತ್ತದೆ. ಅಂಥ ಎಮ್ಮೆ ಹಿಂಗಾಲು ಅಗಲಿಸಿ ನಿಲ್ಲುತ್ತದೆ, ಕರುವನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಮೊಲೆಯ ಬುಡ ಮುಟ್ಟಿದರೆ ಕಲ್ಲಿನಂತಿರುತ್ತದೆ, ಬಿಸಿ ಇರುತ್ತದೆ. ಕೊಳ್ಳುವವರು ಪೂರ್ತಿ ಹಿಂಡಿಸಿ, ಖಾಲಿ ಚೀಲದಂತೆ ಕೆಚ್ಚಲು ಇಳಿಯುತ್ತದೆಯೋ ನೋಡಬೇಕು. ನಮ್ಮ ಅಪ್ಪನೂ ಹೀಗೆ ಹಿಂಡದೆ ಒಯ್ಯುವುದನ್ನು ನೋಡಿದ್ದೇನೆ, ಅದನ್ನೂ ನೀವೇ ಕಲಿಸಿದ್ದೇ ಎಂದು ಕಾಕಾ ಅವರನ್ನು ಕೇಳಿದೆ. ಅವರು, ನಾನು ಹಿಂಡಿ ಮಾರುವುದನ್ನು ಕಲಿಸಿದ್ದೇನೆ, ಉಳಿದದ್ದು ಅವನೇ ಕಲಿತಿದ್ದಾನೆ ಎಂದರು.’

ಮೊಲೆಯ ಬುಡ ಬಿಸಿ ಇರುತ್ತದೆ ಎಂಬುದು ಯಾವ ಪುಸ್ತಕದಲ್ಲೂ ಇಲ್ಲ. ಕೈ ಇಟ್ಟವರಿಗೆ ಮಾತ್ರ ಗೊತ್ತು. ಆ ಸಾಲಿಗೇ ನನಗೆ ಖಾತ್ರಿಯಾಯಿತು, ಇವಳು ಆರು ವಾರ ಅಲ್ಲೇ ಇದ್ದಳು, ನಾನು ಆ ವಯಸ್ಸಿನಲ್ಲಿ ಕಲಿತದ್ದಕ್ಕಿಂತ ಚೆನ್ನಾಗಿ ಕಲಿತಳು. ಕೊನೆಯ ಸಾಲಿಗೆ ನನ್ನ ಕಿವಿ ಕಾದವು. ಓದಿದ ಜನರ ಮುಂದೆ, ಮೇಡಂ ಒಬ್ಬರ ಬಾಯಲ್ಲಿ, ನನ್ನ ಧಂದೆಯ ಗುಟ್ಟು ಹೊರಗೆ ಬಿದ್ದಿತ್ತು. ಮುಖ್ಯಸ್ಥರು ತುಟಿಯ ಮೂಲೆಯಲ್ಲಿ ನಕ್ಕರು ಎಂದು ನನಗೆ ಕಂಡಿತು. ನಕ್ಕರೋ ಇಲ್ಲವೋ, ಇವತ್ತಿಗೂ ಹೇಳಲಾರೆ.

“ನೀವು ತಂದೆ. ನೀವೇ ಹೇಳ್ರಿ,” ಅಂದರು ಅವರು. “ಇವರ ಶೆಡ್ಡಿಗೆ ಹೋಗಿದ್ದು ಖರೆನೋ, ಹುಕ್ಕೇರಿಗೆ ಹೋಗಿದ್ದು ಖರೆನೋ?”

ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಏನೇನು ಓಡಿತು ಎಂದು ಎಷ್ಟೋ ಸಲ ಬಿಡಿಸಿ ನೋಡಿದ್ದೇನೆ. ಮ್ಯಾನೇಜರಿಗೆ ಕೊಟ್ಟ ಮಾತು ಇತ್ತು. ಎರಡು ಶಿಕ್ಕೆಯ ಕಾಗದದ ಮುಂದೆ ಗೆರೆಯ ಹಾಳೆ ನಿಲ್ಲುವುದಿಲ್ಲ ಎಂಬ ಲೆಕ್ಕ ಇತ್ತು. ಡೈರಿಯ ಸಾಲಿನ ಉರಿಯೂ ಇತ್ತು. ಇಲ್ಲ ಅಂದರೆ ಸುಳ್ಳಾಗುತ್ತದೆ. ಬಾಯಿ ತೆರೆದೆ.

“ಹುಕ್ಕೇರಿಗೆ ಹೋಗ್ಯಾಳ್ರಿ. ಕಾಕಾ ನಮ್ಮ ಪೈಕಿ ಹಿರ್ಯಾರು. ಪ್ರೀತಿಲೆ ಬರದ ಕೊಟ್ಟಾರ, ಅಷ್ಟ.”

ಕಾಕಾ ಬಡಿಗೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. ಮುಖ್ಯಸ್ಥರು ಅದನ್ನು ಬರೆದು ಕೊಡಿ ಅಂದರು. ಬರೆದೆ. ಸಹಿಯನ್ನೂ ಹಾಕಿದೆ.

ಆಮೇಲೆ ಅವರು ಮಗಳ ಕಡೆ ತಿರುಗಿದರು. “ಹಂಗಾದ್ರ ಹೇಳವ್ವಾ, ಆ ಸಂಘದಾಗ ನಿನಗ ಯಾವ ರಜಿಸ್ಟರ್ ಕೊಟ್ಟಿದ್ರು? ಯಾರ ಕೈ ಕೆಳಗ ಇದ್ದಿ?”

“ನಾ ಅಲ್ಲಿ ಹೋಗೇ ಇಲ್ರಿ,” ಅಂದಳು.

“ನಿಮ್ಮ ತಂದಿ ಹೋಗಿದ್ದೀ ಅಂತಾರಲ್ಲಾ?”

ಅಪ್ಪ ಸುಳ್ಳು ಹೇಳುತ್ತಾನೆ ಎನ್ನಬೇಕಿತ್ತು, ಅಷ್ಟೇ. ಅವಳ ಬಾಯಿಂದ ಅದು ಬರಲಿಲ್ಲ. “ನನಗ ಗೊತ್ತಿಲ್ರಿ,” ಅಂದಳು.

ಎರಡೂ ಸರ್ಟಿಫಿಕೇಟನ್ನು ಅವರು ತಿರಸ್ಕರಿಸಿದರು. ಆ ವಿಷಯಕ್ಕೆ ಸೊನ್ನೆ. ಫಲಿತಾಂಶ ತಡೆಹಿಡಿದರು. ಮುಂದಿನ ವರ್ಷ ಕಿರಿಯರ ಜೊತೆ ಮತ್ತೆ ಆರು ವಾರ ಮಾಡಬೇಕು. ಮೇಡಂ ಡೈರಿಯನ್ನು ಮುಚ್ಚಿ ಮಗಳ ಮುಂದೆ ಸರಿಸಿದರು. ಅವಳು ಅದನ್ನು ತೆಗೆದುಕೊಳ್ಳದೆ ಎದ್ದಳು.

ಹೊರಗೆ ಗೇಟಿನ ಹತ್ತಿರ ಕಾಕಾ ಟಂಟಂ ರಿಕ್ಷಾ ಕಾಯುತ್ತಾ ನಿಂತಿದ್ದರು. ನಾನು ಹತ್ತಿರ ಹೋದೆ.

“ಕಾಕಾ, ಪೋರಿ ಸಲುವಾಗಿ ಅಂದೆ. ಆಫೀಸ್ ಕಾಗದ ನಡೀತೈತಿ ಅಂತ ತಿಳಕೊಂಡೆ.”

“ನನ್ನ ಸಹಿ ಸುಳ್ಳ ಅಂದಿ, ಅಡ್ಡಿ ಇಲ್ಲ,” ಅಂದರು. “ದನದ ವ್ಯಾಪಾರಿ ನಾ, ಜನಾ ಅಂತಾರ, ಕೇಳಿ ಕೇಳಿ ಕಿವಿ ಗಟ್ಟಿ ಆಗ್ಯಾವ. ಆಕಿ ಖರೆ ಮಾಡಿದ್ದಕ್ಕ ಸುಳ್ಳ ಅಂದೆಲ್ಲೋ ತಮ್ಮಾ. ಚಳಿಯಾಗ ಏಳ ಗಂಟೇಕ ಬಂದ ನಿಂದರ್ತಿದ್ದಳು.”

“ತಪ್ಪಾತು.”

“ನನಗ ಯಾಕ ಹೇಳ್ತಿ? ಅಲ್ಲಿ ಐತಿ ನೋಡು, ಖೋಲಿ. ಹೋಗಿ ಅಲ್ಲಿ ಹೇಳು.”

ನಾನು ಆ ಕೂಡಲೇ ಹೋಗಲಿಲ್ಲ. ಹೋಗಬಹುದಿತ್ತು, ಒಳಗೆ ಅವರು ಇನ್ನೂ ಎದ್ದಿರಲಿಲ್ಲ, ಕಾಗದದ ಮೇಲಿನ ಮಸಿಯೂ ಆರಿರಲಿಲ್ಲ. ಮ್ಯಾನೇಜರ ನೌಕರಿಯ ವಿಚಾರ ಬಂತು. ಒಂದೇ ತಾಸಿನಲ್ಲಿ ಎರಡು ಮಾತು ಆಡಿದವನು ಎಂದು ಕಾಣುವುದರ ನಾಚಿಕೆ ಬಂತು. ಮಗಳು ಆಗಲೇ ಬಸ್ಸು ಹಿಡಿದು ಹೋಗಿದ್ದಳು. ನಾನು ಮೋಟರ್ ಸೈಕಲ್ ಹತ್ತಿ ಅವಳ ಬಸ್ಸಿನ ಹಿಂದೆ ಹಿಂದೆ ಮೂಡಲಗಿಯವರೆಗೆ ಬಂದೆ. ಹಿಂದಿನ ಕಿಟಕಿಯಲ್ಲಿ ಅವಳ ತಲೆ ಕಾಣುತ್ತಿತ್ತು. ಒಮ್ಮೆಯೂ ತಿರುಗಲಿಲ್ಲ.

ಮನೆಯಲ್ಲಿ ಹೆಂಡತಿಗೆ ಎಲ್ಲ ಮೊದಲೇ ಗೊತ್ತಿತ್ತು. “ದಿನಾ ಎರಡ ರೊಟ್ಟಿ ಹೆಚ್ಚಿಗಿ ಕಟ್ಟಿ ಕೊಡತಿದ್ದೆ, ಕಾಕಾಗೂ ಆಗಲಿ ಅಂತ,” ಅಂದಳು. “ನಿಮಗ ಹೇಳಿದ್ರ ಬಿಡತಿರಲಿಲ್ಲ. ಪಾಸಾದ ಮ್ಯಾಲ ಹೇಳಿ ನಗಸೂಣು ಅಂದಿದ್ದಳು.” ಅಪ್ಪ ಮಗಳು ಇಬ್ಬರೂ ಪಾಸಾದ ಮೇಲೆ ನಗಿಸಲು ಒಂದೊಂದು ಗುಟ್ಟು ಇಟ್ಟುಕೊಂಡಿದ್ದೆವು.

ನಾಲ್ಕು ದಿನ ಬಿಟ್ಟು ಕಾಲೇಜಿಗೆ ಹೋದೆ. ಈ ಸಲ ಕುರ್ಚಿ ಎಳೆಯಲಿಲ್ಲ. ಮುಖ್ಯಸ್ಥರ ಮುಂದೆ ನಿಂತು ಇದ್ದದ್ದು ಇದ್ದ ಹಾಗೆ ಹೇಳಿದೆ: ಹುಕ್ಕೇರಿಯ ಕಾಗದ ಸುಳ್ಳು, ನಾನೇ ತಂದದ್ದು, ಮಗಳದ್ದು ಖರೆ. ಮ್ಯಾನೇಜರಿಗೆ ಕೊಟ್ಟ ಮಾತನ್ನೂ ಮುರಿದೆ. ಅವರು ಶಾಂತವಾಗಿ ಕೇಳಿ, ಫೈಲು ತೆಗೆದು, ನನ್ನ ಬರಹವನ್ನು ನನ್ನ ಮುಂದೆ ಇಟ್ಟರು.

“ಇದು ನಿಮ್ಮ ಸಹಿ ಅಲ್ರಿ?”

“ಹೌದ್ರಿ.”

“ಇದನ್ನ ಯುನಿವರ್ಸಿಟಿಗೆ ಕಳಿಸೀವಿ. ಇವತ್ತ ಇನ್ನೊಂದ ಬರದ ಕೊಡ್ತೀನಿ ಅಂತೀರಿ. ನಾಳೆ ಬಂದು ಮತ್ತೊಂದ ಅಂತೀರಿ. ಯಾವುದನ್ನ ನಂಬಬೇಕ್ರಿ ನಾವು?”

ಬದುಕಿನಲ್ಲಿ ಮೊದಲ ಸಲ, ಎದುರಿಗಿನವನು ಹೇಳಿದ್ದು ಸರಿ ಎಂದು ಅನಿಸಿ ಹೊರಗೆ ಬಂದೆ. ಇಂಥ ಪಾಳಿ ಬಂದವರಿಗೆ ನಾನು ಹೇಳುವುದಿಷ್ಟು: ಮಕ್ಕಳು ಎಲ್ಲಿ ಕೆಲಸಕ್ಕೆ ಹೋಗುತ್ತಾರೋ ಅಲ್ಲಿಗೆ ಒಮ್ಮೆ ನೀವೂ ಹೋಗಿ ನಿಂತು ನೋಡಿ ಬನ್ನಿ. ಶಿಕ್ಕೆ ಎಣಿಸಬೇಡಿ. ತಪ್ಪು ಹೇಳಿದರೆ ಗೇಟು ದಾಟುವ ಮೊದಲೇ ತಿರುಗಿ ಹೋಗಿ.

ಧಾರವಾಡದ ಸೀಟು ಬೇರೆಯವರ ಪಾಲಾಯಿತು. ಆ ವರ್ಷ ಅವಳು ಮನೆಯಲ್ಲೇ ಇದ್ದಳು. ಮಾತು ಬಿಡಲಿಲ್ಲ, ಊಟಕ್ಕೆ ಕರೆಯುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ನಾನು ಒಂದು ದಿನ, “ಮತ್ತ ಕಾಕಾ ಕಡೆನ ಹೋಗು. ಬೇಕಾದ್ರ ನನ್ನ ಹಂತೇಕನ ಮಾಡು, ಸಂತಿಗೂ ಕರಕೊಂಡ ಹೋಗ್ತೇನಿ,” ಅಂದೆ. ನನಗೆ ಅದನ್ನು ಹೇಳಲು ಎಷ್ಟು ಕಷ್ಟವಾಯಿತು ಎಂದು ಅವಳಿಗೆ ತಿಳಿಯಲಿ ಎಂಬ ಆಸೆಯೂ ಒಳಗೆ ಇತ್ತು.

“ಹುಕ್ಕೇರಿಗೆ ಹೋಗ್ತೇನಿ,” ಅಂದಳು.

“ಅಲ್ಲಿ ಯಾಕ?”

“ನೀ ಹೇಳಿಯಲ್ಲಾ, ಹೋಗ್ಯಾಳ ಅಂತ. ಖರೆ ಮಾಡಿ ಬರ್ತೇನಿ.”

ಮ್ಯಾನೇಜರರ ನೌಕರಿಗೆ ಏನೂ ಆಗಿರಲಿಲ್ಲ. ಸಂಘದವರು ಬುದ್ಧಿಮಾತು ಹೇಳಿ ಬಿಟ್ಟಿದ್ದರು. ಅವರು ನನ್ನ ಜೊತೆ ಮಾತಾಡುವುದನ್ನು ನಿಲ್ಲಿಸಿದರು, ಆದರೆ ಮಗಳನ್ನು ಸೇರಿಸಿಕೊಂಡರು. ಆರು ವಾರ ದಿನಾ ಎರಡು ಬಸ್ಸು ಬದಲಿಸಿ ಹೋದಳು. ಮೋಟರ್ ಸೈಕಲ್ ಮೇಲೆ ನಾನು ಬಿಟ್ಟು ಬರುತ್ತೇನೆ ಅಂದರೆ ಬೇಡ ಅಂದಳು. ಆ ಬೇಡವನ್ನು ನಾನು ಬೇಡ ಎಂದೇ ತಿಳಿದೆ. ಸಾಲದ ಅರ್ಜಿಗಳಿಗೆ ನಂಬರು ಹಾಕಿದಳು, ಶಿಕ್ಕೆ ಒತ್ತಿದಳು, ಡೈರಿ ಬರೆದಳು, ಪ್ರಶ್ನೆಗಳಿಗೆ ಉತ್ತರ ಹೇಳಿದಳು. ಕ್ರೆಡಿಟ್ ಬಂತು. ಡಿಗ್ರಿಯೂ ಬಂತು. ಮುಗಿದ ಮೇಲೆ ಅದೇ ಸಂಘದಲ್ಲಿ ಅವಳಿಗೆ ಕೆಲಸವಾಯಿತು. ಧಾರವಾಡಕ್ಕೆ ಮತ್ತೆ ಅರ್ಜಿ ಹಾಕು ಅಂದೆ, ಅವಳಮ್ಮನ ಕೈಲಿ ಹೇಳಿಸಿದೆ, ಮೇಡಂ ಅವರಿಂದ ಫೋನು ಮಾಡಿಸಿದೆ. ಎಲ್ಲರಿಗೂ ಒಂದೇ ಉತ್ತರ: “ಇದ ಚೊಲೋ ಐತಿ.” ಫ್ಯಾನಿನ ಕೆಳಗಿನ ಕೆಲಸ. ನಾನು ಬೇಡಿದ್ದೇ ಅದು.

ಹೋದ ಭಾನುವಾರ ಕಣಗಲಾ ಕಡೆಯ ಇಬ್ಬರು ಟೆಂಪೋದಲ್ಲಿ ಒಂದು ಎಮ್ಮೆ ಹಾಕಿಕೊಂಡು ಮನೆಗೆ ಬಂದರು. ದಾರಿಯಲ್ಲಿ ಯಾರೋ ಮಾರುತ್ತೇನೆ ಅಂದಿದ್ದಾರೆ, ಮಾಲಕನೂ ಹಿಂದಿನಿಂದ ಬರುತ್ತಾನೆ, ನೀವೊಮ್ಮೆ ನೋಡಿ ಹೌದು ಅಂದರೆ ಕೊಳ್ಳುತ್ತೇವೆ ಅಂದರು. ಎಮ್ಮೆಯನ್ನು ಇಳಿಸಿ ಅಂಗಳದಲ್ಲಿ ಕಟ್ಟಿದೆವು. ಎರಡನೆಯ ಸೂಲು, ತೆಳು ಚರ್ಮ, ಉದ್ದ ಬಾಲ. ನರ ನೋಡಿದೆ, ನಾಲ್ಕೂ ಮೊಲೆ ಹಿಂಡಿ ನೋಡಿದೆ. ಕುಂದು ಕಾಣಲಿಲ್ಲ.

ಮಗಳು ಚಹಾ ತಂದಳು. ಸ್ಟೀಲಿನ ತಾಟು ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಎಮ್ಮೆಯ ಎಡಬದಿಯಿಂದ ಹಾದು ಬಂದಳು, ಎಮ್ಮೆ ಅಲ್ಲಾಡಲಿಲ್ಲ. ಕಪ್ಪುಗಳನ್ನು ಕೊಟ್ಟು ಬಲಬದಿಯಿಂದ ತಿರುಗಿದಳು, ಎಮ್ಮೆ ಬೆಚ್ಚಿ ಹಗ್ಗ ಜಗ್ಗಿತು. ಅವಳು ನಿಂತಳು. ಎಮ್ಮೆಯ ಎಡಗಣ್ಣನ್ನೇ ನೋಡಿದಳು. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು, ಅಷ್ಟೇ. ನಾನು ಅವಳು ನೋಡುವುದನ್ನು ನೋಡಿದೆ.

“ಏನ ಅಂತೀ?” ಎಂದು ಕೇಳಿದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು.

“ನನಗೇನ ತಿಳೀತೈತಿ ಅಪ್ಪಾ,” ಅಂದಳು. “ನಾ ಎಂದ ಎಮ್ಮಿ ಕಟ್ಟೇನಿ?” ಖಾಲಿ ತಾಟು ತೆಗೆದುಕೊಂಡು ಒಳಗೆ ಹೋದಳು.

ಎಮ್ಮೆಯ ಎಡಗಣ್ಣಿನ ಮುಂದೆ ಟಾವೆಲ್ ಬೀಸಿದೆ. ರೆಪ್ಪೆ ಬಡಿಯಲಿಲ್ಲ. ಕಣ್ಣು ನೋಡಲು ಚೆನ್ನಾಗಿತ್ತು, ದೃಷ್ಟಿ ಇರಲಿಲ್ಲ.

“ಒಂದ ಕಣ್ಣ ಇಲ್ರಿ ಇದಕ್ಕ,” ಅಂದೆ.

“ಭಲೇ,” ಅಂದ ಅವರಲ್ಲಿ ಒಬ್ಬ. “ಅದಕ್ಕ ನಿಮ್ಮ ಕಡೆ ಬರೂದ್ರಿ ನಾವು.”

“ನಾ ಹಿಡದಿದ್ದಲ್ರಿ. ನನ್ನ ಮಗಳ ಹಿಡದಾಳ,” ಅಂದೆ. ಒಳಗೆ ಕೇಳಿಸಲಿ ಎಂದು ಗಟ್ಟಿಯಾಗಿಯೇ ಅಂದೆ. “ಘಟಪ್ರಭಾದಾಗ ಆರ ವಾರ ಕಲತಾಕಿ.”

ಅವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. “ಆಕಿ ತಿಳಿಯೂದಿಲ್ಲ ಅಂತ ಹೇಳೇ ಹೋದಳಲ್ರಿ ಸಾವಕಾರ್ರ. ನಿಮ್ಮ ಚಾಷ್ಟಿ ಏನ ಚಾಷ್ಟಿ.”

ನಾನು ಬಾಗಿಲ ಕಡೆ ನೋಡುತ್ತಾ ನಿಂತೆ. ಒಳಗೆ ಅವಳು ಮರುದಿನದ ಆಫೀಸಿಗೆ ಸೀರೆ ಇಸ್ತ್ರಿ ಮಾಡುತ್ತಿದ್ದಳು. ಇಸ್ತ್ರಿಪೆಟ್ಟಿಗೆ ಒಂದು ಗಳಿಗೆಯೂ ನಿಲ್ಲದೆ ಟೇಬಲ್ಲಿನ ಮೇಲೆ ಹೋಗುವುದೂ ಬರುವುದೂ ಕೇಳುತ್ತಿತ್ತು.